ಹಳೇ ಕ್ಲಬ್ಬು, ಹಳೇ ಗಾಲ್ಫ್ ಮೈದಾನ: ಓದುಗರ ಪ್ರಶ್ನೆಗಳಿಗೆ ಉತ್ತರ

ಹಾಸನ, ಚಿಕ್ಕಮಗಳೂರು ಜಿಲ್ಲೆಗಳಿಂದ ಈ ಸಲ ಬಂದ ಪತ್ರಗಳಲ್ಲಿ ಹೆಚ್ಚಿನವು ಒಂದೇ ವಿಷಯ ಕೇಳುತ್ತಿವೆ: ಊರಿನ ಹಳೇ ಪ್ಲಾಂಟರ್ಸ್ ಕ್ಲಬ್ಬು, ಅದರ ಗಾಲ್ಫ್ ಮೈದಾನ, ಇವೆರಡರ ಚರಿತ್ರೆ ಬರೆಯಲು ಕೂತವರಿಗೆ ಎದುರಾಗುವ ತೊಡಕು. ಒಂದೇ ಬಗೆಯ ಪ್ರಶ್ನೆಗಳನ್ನು ಸೇರಿಸಿ ಉತ್ತರಿಸಿದ್ದೇವೆ.

ಪ್ರಶ್ನೆ: ಕ್ಲಬ್ಬಿನ ಸ್ಮರಣ ಸಂಚಿಕೆ ತರುವ ಕೆಲಸ ನನ್ನ ಪಾಲಿಗೆ ಬಂದಿದೆ. ಗೋಡೆಯ ಬೋರ್ಡಿನಲ್ಲಿ ಒಂದು ಇಸವಿ, ನೋಂದಣಿ ಪತ್ರದಲ್ಲಿ ಇನ್ನೊಂದು, ಹಿರಿಯರ ಬಾಯಲ್ಲಿ ಮತ್ತೊಂದು. ಸ್ಥಾಪನೆಯ ವರ್ಷ ಎಂದು ಯಾವುದನ್ನು ಹಾಕಲಿ? (ಸಕಲೇಶಪುರ)

ಉತ್ತರ: ಮೂರನ್ನೂ ಹಾಕಿ, ಆದರೆ ಯಾವುದು ಯಾವುದರ ಇಸವಿ ಎಂದು ಬಿಡಿಸಿ ಹೇಳಿ. ಕ್ಲಬ್ಬಿಗೆ ಹುಟ್ಟಿದ ದಿನ ಒಂದೇ ಇರಬೇಕು ಎಂದುಕೊಳ್ಳುವುದರಿಂದಲೇ ಅರ್ಧ ಜಗಳ ಶುರುವಾಗುವುದು. ಮಲೆನಾಡಿನ ಹಳೇ ಕ್ಲಬ್ಬಿಗೆ ನಾಲ್ಕಾದರೂ ದಿನಾಂಕ ಇರುತ್ತವೆ: ಮೊದಲ ಸಭೆ ಸೇರಿದ್ದು, ಕಟ್ಟಡ ಎದ್ದಿದ್ದು, ಸರ್ಕಾರದಲ್ಲಿ ನೋಂದಾಯಿಸಿದ್ದು, ಗಾಲ್ಫ್ ಆಡಲು ತೊಡಗಿದ್ದು. ಇವುಗಳ ನಡುವೆ ಹತ್ತಿಪ್ಪತ್ತು ವರ್ಷದ ಅಂತರ ಇದ್ದರೂ ಆಶ್ಚರ್ಯವಿಲ್ಲ.

ಮಂಜರಾಬಾದ್ ಸೀಮೆಯಲ್ಲಿ (ಈಗಿನ ಸಕಲೇಶಪುರದ ಕಡೆ), ಬಾಬಾಬುಡನ್‌ಗಿರಿಯ ತಪ್ಪಲಲ್ಲಿ ಯುರೋಪಿಯನ್ ಪ್ಲಾಂಟರ್‌ಗಳು ಕಾಫಿ ತೋಟ ಎಬ್ಬಿಸಿದ್ದು 1840ರ ಆಸುಪಾಸಿನಿಂದ ಈಚೆಗೆ. ದಕ್ಷಿಣ ಭಾರತದ ಪ್ಲಾಂಟರ್‌ಗಳ ಒಕ್ಕೂಟ ಉಪಾಸಿ ಕಟ್ಟಿದ್ದು 1893ರಲ್ಲಿ. ಭಾರತದಲ್ಲಿ ಗಾಲ್ಫ್ ಅದಕ್ಕಿಂತ ಹಳತು. ಕಲ್ಕತ್ತದ ಕ್ಲಬ್ 1829ರದು, ಬೆಂಗಳೂರು ಗಾಲ್ಫ್ ಕ್ಲಬ್ 1876ರದು. ಆದ್ದರಿಂದ ‘ಆ ಕಾಲಕ್ಕೆ ಇಲ್ಲಿ ಗಾಲ್ಫ್ ಎಲ್ಲಿಂದ ಬರಬೇಕು’ ಎಂಬ ಮಾತೂ ನಿಲ್ಲುವುದಿಲ್ಲ, ‘ಕ್ಲಬ್ ಇದ್ದಮೇಲೆ ಗಾಲ್ಫೂ ಇದ್ದೇ ಇತ್ತು’ ಎಂಬ ಮಾತೂ ನಿಲ್ಲುವುದಿಲ್ಲ. ತೋಟದಿಂದ ತೋಟಕ್ಕೆ ಮೈಲಿಗಟ್ಟಲೆ ಕುದುರೆ ಮೇಲೆ ಹೋಗಬೇಕಿದ್ದ ಕಾಲದಲ್ಲಿ ಮೊದಲು ಬೇಕಾಗುತ್ತಿದ್ದದ್ದು ಬಾರು, ಬಿಲಿಯರ್ಡ್ಸ್ ಮೇಜು, ಟೆನಿಸ್ ಅಂಕಣ, ಕುದುರೆ ಕಟ್ಟಲು ಲಾಯ. ಐವತ್ತು ಎಕರೆ ಹುಲ್ಲು ಕತ್ತರಿಸಿ ಇಟ್ಟುಕೊಳ್ಳುವ ಖರ್ಚು ಸದಸ್ಯರ ಸಂಖ್ಯೆ ಬೆಳೆದಮೇಲಿನ ಮಾತು.

ನೋಂದಣಿಗೆ ದಾಖಲೆ ಇದ್ದೇ ಇರುತ್ತದೆ. ಸಂಘವಾಗಿದ್ದರೆ ಹಳೇ ಮೈಸೂರಿನ 1904ರ ಸಂಘ ನೋಂದಣಿ ಕಾಯಿದೆಯಡಿ ಇರಬಹುದು, ಇಲ್ಲವೇ 1960ರ ಈಗಿನ ಕಾಯಿದೆಯಡಿ. ಕಡತ ಜಿಲ್ಲೆಯ ಸಂಘಗಳ ನೋಂದಣಾಧಿಕಾರಿಯ ಬಳಿ, ಅಂದರೆ ಸಹಕಾರ ಇಲಾಖೆಯಲ್ಲಿ ಸಿಗಬೇಕು. ದೃಢೀಕೃತ ನಕಲು ಕೇಳಿ; ಕೊಡದೆ ಸತಾಯಿಸಿದರೆ 2005ರ ಮಾಹಿತಿ ಹಕ್ಕು ಕಾಯಿದೆಯಡಿ 10 ರೂಪಾಯಿ ಶುಲ್ಕದ ಅರ್ಜಿ ಹಾಕಿ, 30 ದಿನದಲ್ಲಿ ಉತ್ತರ ಕೊಡಬೇಕು. ಕ್ಲಬ್ ಕಂಪನಿಯಾಗಿದ್ದರೆ ಕೆಲಸ ಇನ್ನೂ ಸುಲಭ. ಅದರ 21 ಅಕ್ಷರದ ಗುರುತಿನ ಸಂಖ್ಯೆಯಲ್ಲಿ 9ರಿಂದ 12ನೇ ಸ್ಥಾನದವರೆಗಿನ ನಾಲ್ಕು ಅಂಕಿಯೇ ನೋಂದಣಿಯ ಇಸವಿ.

ವರ್ಷವಾರು ಪದಾಧಿಕಾರಿಗಳ ಹೆಸರು ಬರೆದ ಗೋಡೆಯ ಬೋರ್ಡನ್ನು ಮಾತ್ರ ಕಣ್ಣುಮುಚ್ಚಿ ನಂಬಬೇಡಿ. ಟಾರ್ಚನ್ನು ಗೋಡೆಗೆ ಒತ್ತಿ ಹಿಡಿದು ಪಕ್ಕದಿಂದ ಬೆಳಕು ಬಿಡಿ. ಮೊದಲ ಹತ್ತಿಪ್ಪತ್ತು ಹೆಸರು ಒಂದೇ ಕೈಬರಹದಲ್ಲಿ, ಒಂದೇ ಬಣ್ಣದಲ್ಲಿ, ಒಂದೇ ದಪ್ಪದಲ್ಲಿ ಇದ್ದರೆ ಅವನ್ನೆಲ್ಲ ಒಂದೇ ದಿನ ಕೂತು ಬರೆಸಿದ್ದಾರೆ ಎಂದರ್ಥ. ಯಾವುದೋ ಪಟ್ಟಿ ನೋಡಿ ಬರೆಸಿದ್ದರೆ ಸರಿ, ನೆನಪಿನಿಂದ ಬರೆಸಿದ್ದರೆ ಅದು ಹಿರಿಯರ ಬಾಯಿಮಾತೇ, ಮರದ ಮೇಲೆ ಏರಿದೆ ಅಷ್ಟೆ. ವರ್ಷಕ್ಕೊಂದರಂತೆ ಕೈ ಬದಲಾಗಲು ಶುರುವಾಗುವುದು ಎಲ್ಲಿಂದ ಎಂದು ಗುರುತಿಸಿ. ನಿಜವಾದ ಬೋರ್ಡು ಅಲ್ಲಿಂದ ಶುರು.

ಪ್ರಶ್ನೆ: ತೋಟದ ಬಂಗ್ಲೆಯ ಅಟ್ಟದಲ್ಲಿ ಕ್ಲಬ್ಬಿನ ಬಿಲ್ಲು, ಪತ್ರ, ಸ್ಕೋರ್ ಕಾರ್ಡುಗಳ ಒಂದು ಟ್ರಂಕು ಸಿಕ್ಕಿದೆ. ಅರ್ಧಕ್ಕರ್ಧ ಕಾಗದದಲ್ಲಿ ತಾರೀಖೇ ಇಲ್ಲ. ಕಾಲ ಗೊತ್ತುಮಾಡುವುದು ಹೇಗೆ? (ಮೂಡಿಗೆರೆ)

ಉತ್ತರ: ತಾರೀಖು ಇಲ್ಲದ ಕಾಗದವೂ ತನ್ನ ಕಾಲವನ್ನು ನಾಲ್ಕಾರು ಕಡೆ ಹೇಳಿಕೊಂಡಿರುತ್ತದೆ. ತಲೆಪಟ್ಟಿಯಿಂದ ಶುರುಮಾಡಿ. ವಿಳಾಸದಲ್ಲಿ ‘ಕಡೂರು ಜಿಲ್ಲೆ’ ಎಂದಿದ್ದರೆ ಅಚ್ಚಾದದ್ದು 1947ಕ್ಕೆ ಮುಂಚೆ ಎಂದು ಹಿಡಿಯಬಹುದು. ಇವತ್ತಿನ ಚಿಕ್ಕಮಗಳೂರು ಜಿಲ್ಲೆಗೆ ಅಲ್ಲಿಯವರೆಗೆ ಕಡೂರು ಜಿಲ್ಲೆ ಎಂದೇ ಹೆಸರು. ಹಾಸನದ ಕಡೆಯ ಕಾಗದವಾದರೆ ಇನ್ನೊಂದು ಸೂಕ್ಷ್ಮ: 1882ರಲ್ಲಿ ಹಾಸನ ಜಿಲ್ಲೆಯನ್ನು ರದ್ದುಮಾಡಿ ಬೇರೆ ಜಿಲ್ಲೆಗೆ ಸೇರಿಸಿ 1886ರಲ್ಲಿ ಮತ್ತೆ ಬೇರೆ ಮಾಡಿದರು. ಆ ನಾಲ್ಕು ವರ್ಷದ ಕಾಗದದಲ್ಲಿ ಸಕಲೇಶಪುರ ಬೇರೆ ಜಿಲ್ಲೆಯಲ್ಲಿದ್ದರೆ ಅದು ಗುಮಾಸ್ತನ ತಪ್ಪಲ್ಲ. ‘ಮೈಸೂರು ರಾಜ್ಯ’ ಎಂದಿದ್ದರೆ 1973ರ ನವೆಂಬರ್ 1ಕ್ಕಿಂತ ಹಿಂದಿನದು. ಆರಂಕಿಯ ಪಿನ್ ಕೋಡ್ ಇದ್ದರೆ 1972ರ ಆಗಸ್ಟ್ 15ರಿಂದ ಈಚೆಯದು. ಊರಿನ ಹೆಸರನ್ನು ಇಂಗ್ಲಿಷಿನಲ್ಲಿ ಈಗಿನಂತೆ ‘ಚಿಕ್ಕಮಗಳೂರು’ ಎಂದೇ ಬರೆಯುವುದು ಅಧಿಕೃತವಾದದ್ದು 2014ರ ನವೆಂಬರ್ 1ರಂದು.

ಆಮೇಲೆ ದುಡ್ಡು ನೋಡಿ. ಬಿಲ್ಲಿನಲ್ಲಿ ರೂಪಾಯಿ, ಆಣೆ, ಪೈ ಎಂದು ಮೂರು ಕಾಲಂ ಇದ್ದರೆ 1957ರ ಏಪ್ರಿಲ್ 1ಕ್ಕಿಂತ ಹಿಂದಿನದು. ‘ನಯಾ ಪೈಸೆ’ ಎಂದು ಬರೆದಿದ್ದರೆ 1957ಕ್ಕೂ 1964ಕ್ಕೂ ನಡುವೆ. ಒಂದು ಎಚ್ಚರಿಕೆ: ಹಳೇ ಬಿಲ್ ಪುಸ್ತಕ ಮುಗಿಯುವವರೆಗೆ ಹೊಸದು ಅಚ್ಚುಹಾಕಿಸದ ಕ್ಲಬ್ಬುಗಳು ಬೇಕಾದಷ್ಟಿವೆ. ಅಚ್ಚಾದ ಕಾಲಂ ಆಣೆಯದಾಗಿದ್ದು ಕೈಯಲ್ಲಿ ಬರೆದ ಅಂಕಿ 15ನ್ನು ಮೀರಿದ್ದರೆ, ಉದಾಹರಣೆಗೆ 75 ಎಂದಿದ್ದರೆ, ಅದು ಪೈಸೆ. ಆಣೆ 15ರ ಆಚೆ ಹೋಗುವುದೇ ಇಲ್ಲ, 16ಕ್ಕೆ ರೂಪಾಯಿ ಆಗಿಬಿಡುತ್ತದೆ. ಅಚ್ಚಿನ ಕಾಲಕ್ಕಿಂತ ಕೈಬರಹದ ಕಾಲ ಮುಖ್ಯ.

ಸ್ಕೋರ್ ಕಾರ್ಡಿನಲ್ಲಿ ಪ್ರತಿ ಹೋಲಿನ (ಮೊದಲ ಹೊಡೆತದ ಕಟ್ಟೆಯಿಂದ ಚೆಂಡು ಬೀಳಬೇಕಾದ ಕುಳಿಯವರೆಗಿನ ಒಂದು ದಾರಿ) ಎದುರು ‘ಬೋಗಿ’ ಎಂಬ ಕಾಲಂ ಇದೆಯೇ ‘ಪಾರ್’ ಎಂದಿದೆಯೇ ನೋಡಿ. ಒಳ್ಳೆಯ ಆಟಗಾರ ಒಂದು ಹೋಲನ್ನು ಎಷ್ಟು ಹೊಡೆತದಲ್ಲಿ ಮುಗಿಸಬೇಕೆಂಬ ಲೆಕ್ಕಕ್ಕೆ ಬೋಗಿ ಎನ್ನತೊಡಗಿದ್ದು 1890-91ರಲ್ಲಿ, ಇಂಗ್ಲೆಂಡಿನಲ್ಲಿ. ಅಮೆರಿಕದ ಗಾಲ್ಫ್ ಸಂಸ್ಥೆ ಅದೇ ಬಗೆಯ ಪಾರ್ ಲೆಕ್ಕವನ್ನು ವಿಧಿವತ್ತಾಗಿ ನಿಗದಿ ಮಾಡಿದ್ದು 1911ರಲ್ಲಿ. ಬೋಗಿ ಎಂದರೆ ಪಾರ್‌ಗಿಂತ ಒಂದು ಹೆಚ್ಚು ಎಂಬ ಈಗಿನ ಅರ್ಥ ಬಂದದ್ದು ಇನ್ನೂ ಆಮೇಲೆ. ಬ್ರಿಟಿಷ್ ಪದ್ಧತಿಯ ಕ್ಲಬ್ಬುಗಳು ಹಳೇ ಬೋಗಿಯನ್ನು ಬೇಗ ಬಿಡಲಿಲ್ಲ, ಹಾಗಾಗಿ ಬೋಗಿ ಕಾಲಂ ಇದ್ದರೆ ‘1890ಕ್ಕಿಂತ ಈಚೆ, ಹಳೇ ತಲೆಮಾರು’ ಎನ್ನಬಹುದೇ ಹೊರತು ಇಸವಿ ಹೇಳಲಾಗದು. ಹೋಲ್‌ಗಳ ಉದ್ದವನ್ನು ಕಾಲದ ಕ್ರಮದಲ್ಲಿ ಪಕ್ಕಪಕ್ಕ ಬರೆದುಕೊಳ್ಳಿ. ಒಂದು ಹೋಲ್ 310 ಗಜ ಇದ್ದದ್ದು ಮುಂದಿನ ಕಾರ್ಡಿನಲ್ಲಿ 365 ಆಗಿದ್ದರೆ ಆ ನಡುವೆ ಟೀ, ಅಂದರೆ ಮೊದಲ ಹೊಡೆತದ ಕಟ್ಟೆ, ಹಿಂದಕ್ಕೆ ಹೋಗಿದೆ ಅಥವಾ ಗ್ರೀನ್, ಅಂದರೆ ಕುಳಿಯ ಸುತ್ತಲಿನ ನಯವಾದ ಜಾಗ, ಬದಲಾಗಿದೆ. ಸಭೆಯ ನಡಾವಳಿಯಲ್ಲಿ ಹುಡುಕಬೇಕಾದದ್ದು ಆ ಖರ್ಚನ್ನು.

ಪ್ರಶ್ನೆ: ಕಾಫಿ ಗಿಡದ ಸಾಲಿನಲ್ಲಿ ತೊಟ್ಟಿಲುಗುಂಡಿ (ಮಳೆನೀರು ಇಂಗಿಸುವ ಗುಂಡಿ) ತೋಡುವಾಗ ಹಳೇ ಗಾಲ್ಫ್ ಚೆಂಡುಗಳು ಸಿಕ್ಕಿವೆ. ಬಂಗ್ಲೆಯಲ್ಲಿ ಮರದ ಹಿಡಿಯ ಕೋಲುಗಳೂ ಇವೆ. ಇವಕ್ಕೆ ಬೆಲೆ ಇದೆಯೇ? (ಆಲ್ದೂರು)

ಉತ್ತರ: ಹಣದ ಬೆಲೆ ಬಿಡಿ, ಮೈದಾನ ಎಲ್ಲಿಯವರೆಗೆ ಹರಡಿತ್ತು ಎಂಬುದಕ್ಕೆ ಚೆಂಡು ಸಿಕ್ಕ ಜಾಗವೇ ಸಾಕ್ಷಿ. ಪ್ರತಿ ಚೆಂಡು ಸಿಕ್ಕ ಸ್ಥಳವನ್ನು ಮೊಬೈಲಿನ ನಕ್ಷೆಯಲ್ಲಿ ಗುರುತಿಟ್ಟು, ಚೆಂಡನ್ನು ಸಂಖ್ಯೆ ಬರೆದ ಚೀಲಕ್ಕೆ ಹಾಕಿ. ಎಲ್ಲವನ್ನೂ ಒಂದೇ ಬಕೆಟ್ಟಿಗೆ ಸುರಿದರೆ ಅರ್ಧ ಮಾಹಿತಿ ಅಲ್ಲೇ ಹೋಯಿತು.

ಕಾಲ ತಿಳಿಯಲು ವ್ಯಾಸ ಅಳೆಯಿರಿ. ಬ್ರಿಟಿಷ್ ಚೆಂಡು 1.62 ಇಂಚು, ಅಂದರೆ 41.15 ಮಿ.ಮೀ.; ಅಮೆರಿಕದ್ದು 1.68 ಇಂಚು, ಅಂದರೆ 42.67 ಮಿ.ಮೀ. ನಮ್ಮ ಕಡೆ ಆಡುತ್ತಿದ್ದದ್ದು ಬ್ರಿಟಿಷ್ ನಿಯಮದಲ್ಲಿ. ದೊಡ್ಡ ಚೆಂಡನ್ನೇ ಬಳಸಬೇಕು ಎಂಬ ನಿಯಮ ಎಲ್ಲ ಕಡೆಗೂ ಬಂದದ್ದು 1990ರಲ್ಲಿ. ಅಳತೆಯ ವರ್ನಿಯರ್ ಉಪಕರಣ ಇಲ್ಲದಿದ್ದರೆ ದಪ್ಪ ರಟ್ಟಿನಲ್ಲಿ 42 ಮಿ.ಮೀ. ವ್ಯಾಸದ ತೂತು ಕೊರೆಯಿರಿ; ತೂತಿನಲ್ಲಿ ಸಲೀಸಾಗಿ ಇಳಿದದ್ದು ಸಣ್ಣ ಚೆಂಡು. ಮೈಮೇಲಿನ ವಿನ್ಯಾಸವೂ ಸುಳಿವು ಕೊಡುತ್ತದೆ. ಈಗಿನಂತೆ ತಗ್ಗು ಚುಕ್ಕೆಯ ಬದಲು ಹಲಸಿನ ಸಿಪ್ಪೆಯ ಹಾಗೆ ಉಬ್ಬು ಗಂಟುಗಳಿದ್ದರೆ ಅದು ಇಪ್ಪತ್ತನೇ ಶತಮಾನದ ಮೊದಲ ಒಂದೆರಡು ದಶಕದ ಅಥವಾ ಅದಕ್ಕೂ ಹಿಂದಿನ ಮಾಲು, ಜೋಪಾನ ಮಾಡಿ. 1848ರಿಂದ ಬಳಕೆಗೆ ಬಂದ ಗಟ್ಟಾಪರ್ಚಾ ಎಂಬ ಮರದ ಅಂಟಿನ ಚೆಂಡು ಬಿಸಿನೀರಿಗೆ ಮೆತ್ತಗಾಗುತ್ತದೆ. ತಣ್ಣೀರಲ್ಲಿ ಮೆತ್ತನೆಯ ಬ್ರಷ್ ಹಾಕಿ ತೊಳೆಯಿರಿ, ಸಾಕು. ಒಳಗೆ ರಬ್ಬರ್ ದಾರ ಸುತ್ತಿದ ಚೆಂಡನ್ನು ಕುತೂಹಲಕ್ಕೆಂದು ಕತ್ತರಿಸಬೇಡಿ. ಕೆಲವದರ ನಡುವೆ ಒತ್ತಡದಲ್ಲಿಟ್ಟ ದ್ರವ ಇರುತ್ತದೆ, ಕಣ್ಣಿಗೆ ಚಿಮ್ಮಿದರೆ ಅಪಾಯ.

ಮರದ ಹಿಡಿ ಹಿಕರಿ ಮರದ್ದಿರಬೇಕು. ಬ್ರಿಟನ್ನಿನ ನಿಯಮ ಉಕ್ಕಿನ ಹಿಡಿಗೆ ಒಪ್ಪಿಗೆ ಕೊಟ್ಟದ್ದು 1929ರಲ್ಲಿ. ಕಬ್ಬಿಣದ ತಲೆಯ ಹಿಂಭಾಗದಲ್ಲಿ ತಯಾರಕನ ಮುದ್ರೆ, ‘ಮ್ಯಾಶಿ’, ‘ನಿಬ್ಲಿಕ್’ ಎಂಬಂಥ ಹೆಸರು ಇರಬಹುದು. ಎಮರಿ ಕಾಗದ ಹಾಕಿ ಫಳಫಳ ಉಜ್ಜುವವರು ಮೊದಲು ಅಳಿಸುವುದು ಅದನ್ನೇ. ಹೊಲಿಗೆ ಯಂತ್ರದ ಎಣ್ಣೆ ಹಚ್ಚಿ ಒಂದು ದಿನ ಬಿಟ್ಟು ಹತ್ತಿ ಬಟ್ಟೆಯಲ್ಲಿ ಒರೆಸಿ.

ಪ್ರಶ್ನೆ: ಹಳೇ ಕ್ಲಬ್ಬಿನ ಪಕ್ಕದ ಬಯಲಲ್ಲಿ ಕಂಬ ನೆಡಲು ಗುಂಡಿ ತೆಗೆದಾಗ ಮುಕ್ಕಾಲು ಅಡಿ ಕೆಳಗೆ ಕಪ್ಪಗೆ ಜಿಡ್ಡಾದ ಮರಳು ಬಂತು. ಅದು ಹಳೇ ಗ್ರೀನ್ ಎನ್ನುತ್ತಾರೆ. ಮರಳಿನ ಗ್ರೀನ್ ಇರುತ್ತದೆಯೇ? ಅದರ ಮೇಲೇ ಹುಲ್ಲು ಹಾಕಬಹುದೇ? (ಆಲೂರು)

ಉತ್ತರ: ಇರುತ್ತಿತ್ತು. ಅದಕ್ಕೆ ಗ್ರೀನ್ ಎನ್ನದೆ ‘ಬ್ರೌನ್’ ಎಂದೇ ಕರೆಯುತ್ತಿದ್ದರು. ಚೆಂಡನ್ನು ಉರುಳಿಸಿ ಕುಳಿಗೆ ಹಾಕುವ ಆ ಜಾಗದಲ್ಲಿ ಹುಲ್ಲು ಬೇಕೆಂದರೆ ಮೂರು ನಾಲ್ಕು ಮಿಲಿಮೀಟರ್ ಎತ್ತರಕ್ಕೆ ದಿನಾ ಕತ್ತರಿಸಬೇಕು, ಜನವರಿಯಿಂದ ಮಳೆ ಹಿಡಿಯುವವರೆಗೆ ನೀರು ಕಟ್ಟಬೇಕು, ಅದಕ್ಕೆ ಒಗ್ಗುವ ತಳಿ ಬೇಕು. ಇದ್ಯಾವುದೂ ಇಲ್ಲದ ಕಡೆ ಒಂಬತ್ತು ಹತ್ತು ಮೀಟರ್ ಅಡ್ಡಳತೆಯ ವೃತ್ತ ಸಮಮಾಡಿ, ನೆಲ ಗಟ್ಟಿಸಿ, ಮೇಲೆ ಒಂದೆರಡು ಇಂಚು ಜರಡಿ ಹಿಡಿದ ಮರಳು ಹರಡಿ ಬಳಸಿದ ಎಂಜಿನ್ ಆಯಿಲ್ ಕಲಸುತ್ತಿದ್ದರು. ಎಣ್ಣೆ ಇದ್ದರೆ ಮರಳು ಗಾಳಿಗೆ ಹಾರುವುದಿಲ್ಲ, ಕಳೆ ಬೇಗ ಏಳುವುದಿಲ್ಲ, ಚೆಂಡು ಹೂತುಹೋಗುವುದಿಲ್ಲ. ಹೊಡೆಯುವ ಮುಂಚೆ ಕ್ಯಾಡಿ, ಅಂದರೆ ಆಟಗಾರನ ಕೋಲು ಹೊರುವ ಆಳು, ಹಿಡಿಯುಳ್ಳ ಕೊಳವೆಯನ್ನೋ ಗೋಣಿ ಸುತ್ತಿದ ಹಲಗೆಯನ್ನೋ ಎಳೆದು ಚೆಂಡಿನಿಂದ ಕುಳಿಯವರೆಗೆ ಒಂದು ದಾರಿ ನಯಮಾಡುತ್ತಿದ್ದ. ಆಮೇಲೆ ಇಡೀ ವೃತ್ತವನ್ನು ಕುಂಟೆಯಿಂದ ಮತ್ತೆ ಸರಿಮಾಡಬೇಕು.

ನಿಮಗೆ ಸಿಕ್ಕಿದ್ದು ಅದೇನಾ ಎಂದು ನೋಡಲು ಒಂದು ಹಿಡಿ ಮರಳನ್ನು ಒಣಗಿಸಿ ಮೇಲೆ ನೀರಿನ ಹನಿ ಬಿಡಿ. ಹನಿ ಇಂಗದೆ ಮುತ್ತಿನಂತೆ ನಿಂತರೆ, ಬಟ್ಟಲ ನೀರಲ್ಲಿ ಕಲಕಿದಾಗ ಮೇಲೆ ಬಣ್ಣಬಣ್ಣದ ಪದರ ತೇಲಿದರೆ ಎಣ್ಣೆ ಇದೆ. ಕೊಳೆತ ಎಲೆಯಿಂದ ಕಪ್ಪಾದ ಮರಳಾದರೆ ನೀರು ಇಂಗುತ್ತದೆ. ವೃತ್ತದ ಅಂಚು ಹಿಡಿಯಲು 10 ಮಿ.ಮೀ. ಕಬ್ಬಿಣದ ಸರಳನ್ನು ಮೀಟರಿಗೊಂದರಂತೆ ನೆಲಕ್ಕೆ ಇಳಿಸುತ್ತಾ ಹೋಗಿ. ಮರಳಿಗೆ ತಗುಲಿದಾಗ ಕರಕರ ಶಬ್ದ ಕೈಗೇ ಗೊತ್ತಾಗುತ್ತದೆ. ಆ ಕಡೆಯೆಲ್ಲ ಗೂಟ ಹೊಡೆಯಿರಿ. ಗೂಟಗಳು ಸುಮಾರಾಗಿ ದುಂಡಗೆ ಬಂದರೆ ಅನುಮಾನವಿಲ್ಲ. ನಡುವೆ ಅಗೆಯುವಾಗ ಗುದ್ದಲಿ ಬೇಡ, ಕರಣೆ ಬಳಸಿ. ಕುಳಿಯ ತಗಡಿನ ಡಬ್ಬಿ ಅಲ್ಲೇ ಉಳಿದಿರಲೂಬಹುದು. ಕುಳಿಯ ಅಡ್ಡಳತೆ ನಾಲ್ಕೂಕಾಲು ಇಂಚು, 108 ಮಿ.ಮೀ.; 1890ರ ದಶಕದ ಆರಂಭದಲ್ಲಿ ನಿಗದಿಯಾದ ಈ ಅಳತೆ ಇವತ್ತಿಗೂ ಬದಲಾಗಿಲ್ಲ. ತೋಡಿದ ಗೋಡೆಯ ಫೋಟೋ ತೆಗೆಯುವಾಗ ಪಕ್ಕದಲ್ಲಿ ಅಳತೆ ಪಟ್ಟಿ ಇಡುವುದನ್ನು ಮರೆಯಬೇಡಿ. ಮರಳಿನ ಪದರಗಳನ್ನು ಎಣಿಸಿ ‘ಇಷ್ಟು ವರ್ಷ’ ಎಂದು ಹೇಳಹೊರಡುವವರನ್ನು ನಂಬಬೇಡಿ. ಒಂದೇ ವರ್ಷದಲ್ಲಿ ಮೂರು ಸಲ ಮರಳು ಹಾಕಿರಬಹುದು, ಮೂರು ವರ್ಷ ಹಾಕದೆಯೂ ಇರಬಹುದು.

ಅದರ ಮೇಲೇ ಹುಲ್ಲು ಹಾಕಬೇಡಿ. ಎಣ್ಣೆ ಮರಳಿಗೆ ನೀರು ಇಳಿಯುವುದಿಲ್ಲ, ಬೇರು ಅಲ್ಲಿಗೇ ನಿಲ್ಲುತ್ತದೆ, ಮಳೆಗಾಲದಲ್ಲಿ ಮೇಲೆ ನೀರು ನಿಂತು ಪಾಚಿ ಕಟ್ಟುತ್ತದೆ. ತೆಗೆದ ಮರಳನ್ನು ಹಳ್ಳಕ್ಕೆ, ತೋಟಕ್ಕೆ ಸುರಿಯುವುದೂ ಬೇಡ. ಬೇರೆ ಜಾಗದಲ್ಲಿ ಸರಿಯಾದ ಗ್ರೀನ್ ಕಟ್ಟಿ. ಅಮೆರಿಕದ ಗಾಲ್ಫ್ ಸಂಸ್ಥೆ 1960ರಲ್ಲಿ ಪ್ರಕಟಿಸಿ ಆಮೇಲೆ ತಿದ್ದುತ್ತಾ ಬಂದ ಕ್ರಮವೇ ಹೆಚ್ಚು ಕಡೆ ನಡೆಯುವುದು: ತಳದಲ್ಲಿ 100 ಮಿ.ಮೀ. ವ್ಯಾಸದ ತೂತುಕೊಳವೆ, ಸಾಲಿನಿಂದ ಸಾಲಿಗೆ 5 ಮೀಟರ್ ಮೀರದಂತೆ. ಅದರ ಮೇಲೆ 100 ಮಿ.ಮೀ. ಜಲ್ಲಿ, ಅದರ ಮೇಲೆ 300 ಮಿ.ಮೀ. ಮರಳು. 500 ಚದರ ಮೀಟರಿನ ಒಂದು ಗ್ರೀನಿಗೆ 150 ಘನ ಮೀಟರ್ ಮರಳು, 50 ಘನ ಮೀಟರ್ ಜಲ್ಲಿ ಬೇಕಾಗುತ್ತದೆ. ಕೂತುಕೊಳ್ಳುವ ಮರಳಿಗೆಂದು ಹತ್ತರಲ್ಲಿ ಒಂದು ಪಾಲು ಹೆಚ್ಚು ತರಿಸಿ.

ಕೆಡುವುದು ಮರಳಿನಲ್ಲೇ. ಈಗ ಸಿಗುವುದು ಎಂ-ಸ್ಯಾಂಡ್, ಅಂದರೆ ಕಲ್ಲು ಪುಡಿಮಾಡಿ ತಯಾರಿಸಿದ ಮರಳು. ತೊಳೆಯದ ಮಾಲಿನಲ್ಲಿ ಕಲ್ಲಿನ ಪುಡಿ ವಿಪರೀತ. ಮೊದಲ ಮಳೆಗೇ ಗಾರೆಯಂತೆ ಕಚ್ಚಿಕೊಳ್ಳುತ್ತದೆ. ಗಾಜಿನ ಜಾಡಿಗೆ ಮೂರನೇ ಒಂದು ಪಾಲು ಮರಳು, ಉಳಿದಷ್ಟು ನೀರು ಹಾಕಿ ಚೆನ್ನಾಗಿ ಕುಲುಕಿ ರಾತ್ರಿಯಿಡೀ ಬಿಡಿ. ಬೆಳಗ್ಗೆ ಮರಳಿನ ಮೇಲೆ ಕಟ್ಟಿದ ಕೆಸರು ಪದರ ಒಟ್ಟು ದಪ್ಪದ ಹತ್ತರಲ್ಲೊಂದನ್ನು ಮುಟ್ಟಿದರೆ ಆ ಲೋಡನ್ನು ವಾಪಸ್ ಕಳಿಸಿ. ಇದು ಸ್ಥಳದಲ್ಲೇ ಮಾಡುವ ಒರಟು ಪರೀಕ್ಷೆ, ಕೊನೆಯ ತೀರ್ಮಾನಕ್ಕೆ ಪ್ರಯೋಗಾಲಯದ ಜರಡಿ ಪರೀಕ್ಷೆಯೇ ಬೇಕು.

ಹುಲ್ಲಿನ ಮಾತು: ಬರ್ಮುಡಾ ಎಂದು ಮಾರುವುದು ಗಣಪತಿಗೆ ಏರಿಸುವ ಗರಿಕೆಯ ಜಾತಿಯೇ. ಗ್ರೀನಿಗೆ ಹಾಕುವುದು ಅದನ್ನು ಆಫ್ರಿಕಾದ ಇನ್ನೊಂದು ಗರಿಕೆಯೊಡನೆ ಬೆರೆಸಿ ಪಡೆದ ಗಿಡ್ಡ ತಳಿಗಳನ್ನು. ಬೀಜ ಕಟ್ಟುವುದಿಲ್ಲ, ಬಳ್ಳಿ ತುಂಡು ನೆಟ್ಟು ಹಬ್ಬಿಸಬೇಕು. ಇದು ಚರಿತ್ರೆ ಬರೆಯುವವರಿಗೂ ಉಪಯೋಗ: ನಡಾವಳಿಯಲ್ಲಿ ‘ಟಿಫ್‌ಗ್ರೀನ್’ ಎಂದು ಕಂಡರೆ 1956ರಿಂದ ಈಚೆ, ‘ಟಿಫ್‌ಡ್ವಾರ್ಫ್’ ಎಂದರೆ 1965ರಿಂದ ಈಚೆ, ಏಕೆಂದರೆ ಆ ತಳಿಗಳು ಬಿಡುಗಡೆಯಾದದ್ದೇ ಆಗ. ನೆರಳನ್ನು ಇವು ತಡೆಯುವುದಿಲ್ಲ. ಸಿಲ್ವರ್ ಓಕ್ ಸಾಲಿನ ಪಕ್ಕದಲ್ಲೇ ಗ್ರೀನ್ ಮಾಡಿ ಹುಲ್ಲು ಬರಲಿಲ್ಲ ಎಂದು ಗೊಬ್ಬರ ಸುರಿದರೆ ಪ್ರಯೋಜನವಿಲ್ಲ.

ಪ್ರಶ್ನೆ: ಕಾಡುಹಂದಿ ಬಂದು ಫೇರ್‌ವೇ (ಟೀಯಿಂದ ಗ್ರೀನಿನವರೆಗಿನ ಹುಲ್ಲಿನ ಹಾದಿ) ಉತ್ತು ಹಾಕುತ್ತಿವೆ. ಬೇಲಿಯೊಂದೇ ದಾರಿಯೇ? (ಮೂಡಿಗೆರೆ)

ಉತ್ತರ: ಹಂದಿ ಬರುವುದು ಹುಲ್ಲಿಗಲ್ಲ, ಹುಲ್ಲಿನ ಬುಡದ ಗೊಣ್ಣೆಹುಳ ಮತ್ತು ಎರೆಹುಳಕ್ಕೆ. ಒಂದಡಿ ಚದರದ ಹುಲ್ಲುಹಾಸನ್ನು ಮೂರು ಕಡೆ ಕತ್ತರಿಸಿ ಚಾಪೆಯಂತೆ ಮಗುಚಿ ನೋಡಿ. ನಾಲ್ಕೈದು ಬಿಳಿ ಹುಳ ಸುರುಳಿ ಸುತ್ತಿಕೊಂಡು ಬಿದ್ದಿದ್ದರೆ ಮೂಲ ಅದೇ. ಅವುಗಳ ದುಂಬಿ ಮುಂಗಾರು ಪೂರ್ವದ ಮೊದಲ ಒಳ್ಳೆಯ ಮಳೆಯಾದ ಸಂಜೆ ನೆಲದಿಂದ ಏಳುತ್ತದೆ. ಆ ವಾರ ದೀಪದ ಬಲೆ ಇಟ್ಟು, ಸುತ್ತಲಿನ ಮರ ಅಲುಗಿಸಿ ಹಿಡಿದು ಸೀಮೆಎಣ್ಣೆ ನೀರಿಗೆ ಹಾಕುವುದು ಅಗ್ಗದ ಉಪಾಯ. ಮೆಟರೈಜಿಯಂ ಶಿಲೀಂಧ್ರದ ಪುಡಿಯನ್ನು ಕೊಟ್ಟಿಗೆ ಗೊಬ್ಬರದಲ್ಲಿ ಬೆರೆಸಿ ಜೂನ್-ಜುಲೈಯಲ್ಲಿ ಹಾಕುವುದು ಎರಡನೆಯದು. ಉರುಳು, ಮನೆಯ ಕರೆಂಟು ಬಿಟ್ಟ ತಂತಿ ಎರಡೂ ಅಪರಾಧ, ಆಳಿನ ಜೀವಕ್ಕೂ ಕುತ್ತು.

ಪ್ರಶ್ನೆ: ಕ್ಲಬ್ಬಿನ ಜಮೀನು ಮೊದಲು ಯಾರದ್ದಿತ್ತು, ಮೈದಾನ ಎಷ್ಟು ಎಕರೆ ಇತ್ತು ಎಂಬುದಕ್ಕೆ ಯಾವ ದಾಖಲೆ ತೆಗೆಯಬೇಕು? (ಹಾಸನ)

ಉತ್ತರ: ಈಗಿನ ಪಹಣಿಯಿಂದ ಹಿಂದಕ್ಕೆ ನಡೆಯಿರಿ. ಪಹಣಿಯಲ್ಲಿ ಎಂ.ಆರ್. ಸಂಖ್ಯೆ ಇರುತ್ತದೆ, ಅದು ಖಾತೆ ಬದಲಾದ ರಿಜಿಸ್ಟರಿನ ಸಂಖ್ಯೆ. ಅದನ್ನು ಹಿಡಿದು ತಾಲ್ಲೂಕು ಕಚೇರಿಯ ರೆಕಾರ್ಡ್ ರೂಮಿನಲ್ಲಿ ಆ ಮ್ಯುಟೇಶನ್ ನಕಲು, ಅದಕ್ಕೂ ಹಿಂದಿನ ಕೈಬರಹದ ಪಹಣಿ, ಐ.ಎಲ್. (ಜಮೀನುಗಳ ಸೂಚಿ) ಮತ್ತು ಆರ್.ಆರ್. (ಹಕ್ಕು ದಾಖಲೆ) ಪುಸ್ತಕದ ನಕಲು ಕೇಳಿ. ಭೂಮಾಪನ ಕಚೇರಿಯಲ್ಲಿ ಮೂಲ ಟಿಪ್ಪಣಿ (ಅಳತೆಯ ಚಿತ್ರ), ಆಕಾರಬಂದ್ (ವಿಸ್ತೀರ್ಣ, ಕಂದಾಯದ ಪಟ್ಟಿ), ಗ್ರಾಮ ನಕ್ಷೆ ಕೇಳಿ. ಅರ್ಜಿಯಲ್ಲಿ ‘ಹಳೇ ದಾಖಲೆ ಕೊಡಿ’ ಎಂದು ಬರೆದರೆ ಏನೂ ಸಿಗುವುದಿಲ್ಲ. ಗ್ರಾಮ, ಹೋಬಳಿ, ಸರ್ವೆ ನಂಬರು, ಹಿಸ್ಸಾ, ಯಾವ ವರ್ಷದಿಂದ ಯಾವ ವರ್ಷ ಎಂದು ಬಿಡಿಬಿಡಿಯಾಗಿ ಬರೆಯಿರಿ. ಕ್ರಯ, ಗುತ್ತಿಗೆ ಪತ್ರಗಳಿಗೆ ಉಪನೋಂದಣಿ ಕಚೇರಿಯ ಋಣಭಾರ ಪತ್ರ ತೆಗೆಸಿ. 2004ರಿಂದ ಈಚೆಯದು ಕಂಪ್ಯೂಟರಿನಲ್ಲಿ ಸಿಗುತ್ತದೆ, ಹಿಂದಿನದನ್ನು ಕೈಯಿಂದ ಹುಡುಕಿಸಬೇಕು.

ಟಿಪ್ಪಣಿಯಲ್ಲಿ ಅಳತೆ ಸರಪಳಿ ಮತ್ತು ಆಣೆಯಲ್ಲಿ ಇರುತ್ತದೆ. ಒಂದು ಸರಪಳಿ 33 ಅಡಿ, ಅದಕ್ಕೆ 16 ಆಣೆ. 33 ಅಡಿ ಉದ್ದ 33 ಅಡಿ ಅಗಲ ಸೇರಿದರೆ 1089 ಚದರ ಅಡಿ, ಅದೇ ಒಂದು ಗುಂಟೆ. 40 ಗುಂಟೆಗೆ ಎಕರೆ. ಎಲ್ಲರೂ ಜಾರುವ ಜಾಗ ಖರಾಬು, ಅಂದರೆ ಸಾಗುವಳಿಗೆ ಬಾರದ ನೆಲ. ಪಹಣಿಯ ಒಟ್ಟು ವಿಸ್ತೀರ್ಣದಲ್ಲಿ ಖರಾಬು ಕಳೆದು ಉಳಿದದ್ದು ಸಾಗುವಳಿ ಲೆಕ್ಕಕ್ಕೆ. ಆದರೆ ಆಟ ನಡೆಯುತ್ತಿದ್ದದ್ದು ಕಲ್ಲುಬಂಡೆ, ಹಳ್ಳದ ದಡ ಎಲ್ಲ ಸೇರಿದ ಜಾಗದಲ್ಲಿ. ಬಿ-ಖರಾಬು ಸಾರ್ವಜನಿಕರದ್ದು, ಅದನ್ನು ‘ಕ್ಲಬ್ಬಿನ ಜಮೀನು’ ಎಂದು ಸಂಚಿಕೆಯಲ್ಲಿ ಅಚ್ಚುಹಾಕಿ ಆಮೇಲೆ ಪೇಚಿಗೆ ಸಿಕ್ಕಿಕೊಳ್ಳಬೇಡಿ.

ಪರಿವರ್ತನೆ ಆದೇಶ ಇದ್ದರೆ ಅದೊಂದು ಚಿನ್ನದಂಥ ಕಾಗದ. 1964ರ ಭೂಕಂದಾಯ ಕಾಯಿದೆಯ 95ನೇ ಕಲಮಿನಡಿ ಕೃಷಿ ಜಮೀನನ್ನು ಬೇರೆ ಬಳಕೆಗೆ ತರಲು ಕೊಡುವ ಈ ಆದೇಶದಲ್ಲಿ ತಾರೀಖು, ಎಕರೆ-ಗುಂಟೆ, ಉದ್ದೇಶ ಮೂರೂ ಇರುತ್ತವೆ. ಹೊಸದಾಗಿ ಕಾಫಿ ಕಿತ್ತು ಮೈದಾನ ಮಾಡಹೊರಟವರೂ ಇದನ್ನು ಓದಿಕೊಳ್ಳಬೇಕು: ಭೂಸುಧಾರಣೆ ಕಾಯಿದೆಯ 104ನೇ ಕಲಮು ಜಮೀನಿನ ಮಿತಿಯಿಂದ ವಿನಾಯಿತಿ ಕೊಟ್ಟಿರುವುದು ಪ್ಲಾಂಟೇಶನ್‌ಗೆ, ಫೇರ್‌ವೇಗಲ್ಲ. ವಕೀಲರನ್ನು ಕೇಳದೆ ಗಿಡಕ್ಕೆ ಕೈ ಹಾಕಬೇಡಿ.

ಭಾರತೀಯ ಸರ್ವೇಕ್ಷಣಾ ಇಲಾಖೆಯ ಹಳೇ ಒಂದಿಂಚಿನ (ಮೈಲಿಗೆ ಒಂದು ಇಂಚು ಅಳತೆಯ) ನಕ್ಷೆಗಳನ್ನೂ ನೋಡಿ. ಸಕಲೇಶಪುರ 48-ಪಿ ಹಾಳೆಯ ಗುಂಪಿನಲ್ಲಿ, ಚಿಕ್ಕಮಗಳೂರು, ಮೂಡಿಗೆರೆ 48-ಓ ಗುಂಪಿನಲ್ಲಿ. ಹಾಸನ ಪಟ್ಟಣ ಸರಿಯಾಗಿ 57-ಸಿ ಮತ್ತು 57-ಡಿ ಸೇರುವ ಗೆರೆಯ ಬಳಿ ಬರುವುದರಿಂದ ಎರಡನ್ನೂ ತರಿಸಬೇಕು.

ಪ್ರಶ್ನೆ: ನಮ್ಮಲ್ಲಿ ಒಂಬತ್ತೇ ಹೋಲ್. ಅದು ಅರ್ಧಕ್ಕೆ ನಿಂತ ಮೈದಾನವೇ? (ಬೇಲೂರು)

ಉತ್ತರ: ಅಲ್ಲ. 18 ಎಂಬುದು ದೈವವಾಕ್ಯವಲ್ಲ. ಸ್ಕಾಟ್ಲೆಂಡಿನ ಸೇಂಟ್ ಆಂಡ್ರೂಸ್‌ನಲ್ಲಿ ಹೋಗುತ್ತಾ ಬರುತ್ತಾ 22 ಹೋಲ್ ಆಡುತ್ತಿದ್ದರು, 1764ರಲ್ಲಿ ಕೆಲವನ್ನು ಕೂಡಿಸಿ 18 ಮಾಡಿದರು, ಆಮೇಲೆ ಉಳಿದವರು ಅದನ್ನೇ ಅನುಸರಿಸಿದರು. ಒಂಬತ್ತಕ್ಕೆ ಸುಮಾರು 50-60 ಎಕರೆ ಸಾಕು, ಹದಿನೆಂಟಕ್ಕೆ 120-150 ಬೇಕು. ತೋಟದ ನಡುವೆ ಅಷ್ಟು ಬೋಳು ಜಾಗ ಎಲ್ಲಿದೆ? ಹಾಗಾಗಿ ಪ್ರತಿ ಹೋಲಿಗೂ ಎರಡು ಟೀ ಕಟ್ಟೆ ಮಾಡಿ ಎರಡು ಸುತ್ತು ಬರುತ್ತಾರೆ. ಹಳೇ ಕಾರ್ಡಿನಲ್ಲಿ 1 ಮತ್ತು 10ನೇ ಹೋಲಿನ ಉದ್ದ ಸ್ವಲ್ಪವೇ ಬೇರೆ ಇದ್ದರೆ ಕಾರಣ ಇದೇ.

ಪ್ರಶ್ನೆ: ನಡಾವಳಿ ಪುಸ್ತಕಗಳಿಗೆ ಬೂಷ್ಟು ಹಿಡಿದು ಹಾಳೆ ಅಂಟಿಕೊಂಡಿವೆ. ಲ್ಯಾಮಿನೇಶನ್ ಮಾಡಿಸಬಹುದೇ? (ಸಕಲೇಶಪುರ)

ಉತ್ತರ: ಖಂಡಿತ ಬೇಡ. ಒಮ್ಮೆ ಬಿಸಿ ಪ್ಲಾಸ್ಟಿಕ್ ಹತ್ತಿಸಿದರೆ ಕಾಗದವನ್ನು ಮತ್ತೆ ಬಿಡಿಸಲಾಗದು. ಸೆಲೊ ಟೇಪು, ಫೆವಿಕಾಲ್ ಕೂಡ ಬೇಡ. ಮಳೆಗಾಲದಲ್ಲಿ ಪುಸ್ತಕ ಬಿಚ್ಚುವ ಕೆಲಸವನ್ನೇ ಇಟ್ಟುಕೊಳ್ಳಬೇಡಿ, ಜನವರಿ-ಫೆಬ್ರವರಿಯ ಒಣ ದಿನ ನೋಡಿ. ನೆರಳಲ್ಲಿ, ಫ್ಯಾನಿನ ಗಾಳಿ ನೇರ ಬೀಳದ ಕಡೆ ಒಂದೆರಡು ದಿನ ನಿಲ್ಲಿಸಿಡಿ. ಬಿಸಿಲಿಗಿಟ್ಟರೆ ಶಾಯಿ ಮಾಸುತ್ತದೆ, ಹಾಳೆ ಸೊಟ್ಟಗಾಗುತ್ತದೆ. ಮಾಸ್ಕ್ ಹಾಕಿಕೊಂಡು ಮನೆಯ ಹೊರಗೆ ಮೆತ್ತನೆಯ ಬಣ್ಣದ ಬ್ರಷ್ಷಿನಿಂದ ನಡುವಿನಿಂದ ಅಂಚಿಗೆ ಒರೆಸಿ. ಅಂಟಿದ ಹಾಳೆಯ ಮಧ್ಯೆ ತೆಳು ಬಿದಿರ ಚಕ್ಕೆ ಜಾರಿಸಿ ನೋಡಿ, ಬರದಿದ್ದರೆ ಎಳೆಯದೆ ಸಂರಕ್ಷಣೆ ತಿಳಿದವರಿಗೆ ಬಿಡಿ.

ಹಾಳೆ ತಿರುಗಿಸುವ ಮುಂಚೆ ಫೋಟೋ. ಕಿಟಕಿಯ ಪಕ್ಕದ ಬೆಳಕಿನಲ್ಲಿ, ಫ್ಲ್ಯಾಶ್ ಇಲ್ಲದೆ, ಮೊಬೈಲನ್ನು ಸ್ಟ್ಯಾಂಡಿಗೆ ಕಟ್ಟಿ ಹಾಳೆಗೆ ಸಮಾನಾಂತರವಾಗಿ ತೆಗೆಯಿರಿ. ಖಾಲಿ ಪುಟವನ್ನೂ ಬಿಡಬೇಡಿ. ಬಿಟ್ಟರೆ ಮುಂದೆ ನೋಡುವವರಿಗೆ ಪುಟ ಕಳೆದಿದೆಯೋ ಖಾಲಿಯಿತ್ತೋ ತಿಳಿಯದು. ಆಮೇಲೆ ಪುಸ್ತಕವನ್ನು ಹತ್ತಿ ಬಟ್ಟೆಯಲ್ಲಿ ಸುತ್ತಿ ಗೋಡೆಗೆ ತಾಗದ ಮರದ ಬೀರುವಿನಲ್ಲಿಡಿ. ಪ್ಲಾಸ್ಟಿಕ್ ಚೀಲದಲ್ಲಿ ಬಿಗಿಯಾಗಿ ಕಟ್ಟಿದರೆ ಒಳಗಿನ ತೇವಕ್ಕೇ ಬೂಷ್ಟು ಮತ್ತೆ ಬರುತ್ತದೆ.

ಪ್ರಶ್ನೆ: ಹಳೇ ಕ್ಯಾಡಿಗಳು, ಮಾಲಿಗಳು ಇನ್ನೂ ಕೆಲವರಿದ್ದಾರೆ. ಕೇಳಿದರೆ ‘ಬಹಳ ಹಿಂದೆ’ ಎನ್ನುತ್ತಾರೆ, ಇಸವಿ ಹೇಳುವುದಿಲ್ಲ. (ಬಾಳೆಹೊನ್ನೂರು)

ಉತ್ತರ: ಇಸವಿ ಕೇಳಬೇಡಿ, ಘಟನೆ ಕೇಳಿ. ಇಂದಿರಾ ಗಾಂಧಿ ಚಿಕ್ಕಮಗಳೂರಿನಿಂದ ಚುನಾವಣೆಗೆ ನಿಂತದ್ದು 1978. ಗೊರೂರಿನ ಹೇಮಾವತಿ ಅಣೆಕಟ್ಟು ಮುಗಿದದ್ದು 1979. ಬೀದಿಯೆಲ್ಲ ಖಾಲಿಯಾಗಿದ್ದ ದೊಡ್ಡ ಸೂರ್ಯಗ್ರಹಣ 1980ರ ಫೆಬ್ರವರಿ 16. ‘ಅದಕ್ಕೆ ಮುಂಚೆಯೋ ಆಮೇಲೋ’ ಎಂದು ಕೇಳಿದರೆ ತಟ್ಟನೆ ಉತ್ತರ ಬರುತ್ತದೆ. ಕುರ್ಚಿಯಲ್ಲಿ ಕೂರಿಸಿ ಸಂದರ್ಶನ ಮಾಡುವುದಕ್ಕಿಂತ ಅವರ ಜೊತೆ ಮೈದಾನ ಸುತ್ತುವುದು ಮೇಲು. ಹಳೇ ಟೀ ಕಟ್ಟೆ ಎಲ್ಲಿತ್ತು, ಚೆಂಡು ಯಾವ ಹಳ್ಳಕ್ಕೆ ಬೀಳುತ್ತಿತ್ತು, ನೀರು ಎಲ್ಲಿಂದ ಹೊರುತ್ತಿದ್ದರು ಎಂಬುದು ಕಾಲು ಅಲ್ಲಿಗೆ ಹೋದಾಗಲೇ ನೆನಪಾಗುವುದು. ಕೂಲಿ ಎಷ್ಟು, ಯಾರು ಕೊಡುತ್ತಿದ್ದರು, ಕಳೆದ ಚೆಂಡಿಗೆ ಕೂಲಿ ಹಿಡಿಯುತ್ತಿದ್ದರೇ ಎಂದೂ ಕೇಳಿ, ಅದು ನಡಾವಳಿಯಲ್ಲಿ ಇರುವುದಿಲ್ಲ. ರೆಕಾರ್ಡ್ ಮಾಡುವ ಮುಂಚೆ ಒಪ್ಪಿಗೆ ಕೇಳಿ, ಆ ಒಪ್ಪಿಗೆಯೂ ರೆಕಾರ್ಡಿನಲ್ಲಿ ಬರಲಿ. ಅರ್ಧ ದಿನ ಹಿಡಿದರೆ ಅರ್ಧ ದಿನದ ಕೂಲಿ ಕೊಡಿ.

ಪ್ರಶ್ನೆ: ಹಳೇ ನಡಾವಳಿಯಲ್ಲಿ ಕೆಲವರನ್ನು ಸದಸ್ಯರಾಗಿ ತೆಗೆದುಕೊಳ್ಳದ್ದು, ಬಾರ್ ಬಾಕಿ, ಜಗಳ ಎಲ್ಲ ಇದೆ. ಸಮಿತಿಯವರು ಅದನ್ನು ಬಿಡಿ ಎನ್ನುತ್ತಾರೆ. (ಚಿಕ್ಕಮಗಳೂರು)

ಉತ್ತರ: ಸದಸ್ಯತ್ವದ ವಿಷಯ, ಬಾರ್ ಬಾಕಿ ಎರಡನ್ನೂ ಒಂದೇ ತಕ್ಕಡಿಗೆ ಹಾಕಬೇಡಿ. ಭಾರತೀಯರಿಗೆ ಸದಸ್ಯತ್ವ ಯಾವಾಗ ತೆರೆಯಿತು, ಹೆಂಗಸರಿಗೆ ಮತದ ಹಕ್ಕು ಯಾವಾಗ ಬಂತು, ಆಯ್ಕೆ ಹೇಗೆ ನಡೆಯುತ್ತಿತ್ತು ಎಂಬುದೇ ಕ್ಲಬ್ಬಿನ ಚರಿತ್ರೆ. ಅದನ್ನು ಬಿಟ್ಟು ಟ್ರೋಫಿ ಗೆದ್ದವರ ಪಟ್ಟಿ ಹಾಕಿದರೆ ಯಾರೂ ಓದುವುದಿಲ್ಲ. ಬಿಳಿ ಮತ್ತು ಕರಿ ಗುಂಡುಗಳನ್ನು ಪೆಟ್ಟಿಗೆಗೆ ಗುಟ್ಟಾಗಿ ಹಾಕಿ, ನಿಯಮದಲ್ಲಿ ಹೇಳಿದಷ್ಟು ಕರಿ ಗುಂಡು ಬಿದ್ದರೆ ಅರ್ಜಿದಾರನನ್ನು ಕೈಬಿಡುವ ಪದ್ಧತಿ ಹಳೇ ಕ್ಲಬ್ಬುಗಳಲ್ಲಿತ್ತು. ಎಷ್ಟಕ್ಕೆ ಎಷ್ಟು ಎಂದು ನಿಮ್ಮ ನಿಯಮಾವಳಿಯ ಹಳೇ ಮುದ್ರಣಗಳಲ್ಲಿ ನೋಡಿ. ಆ ಸಂಖ್ಯೆ ಬದಲಾದ ವರ್ಷಗಳನ್ನು ಸಾಲಾಗಿ ಬರೆದರೆ ಅದೇ ಒಂದು ಅಧ್ಯಾಯ. ಪೆಟ್ಟಿಗೆ ಉಳಿದಿದ್ದರೆ ಮುಚ್ಚಳ ತೆಗೆದು ಒಳಭಾಗದ ಫೋಟೋ ಹಾಕಿ.

ಬಾರ್ ಬಾಕಿ ಬೇರೆ ಮಾತು. ಯಾರ ಮೊಮ್ಮಗನೋ ಇವತ್ತು ನಿಮ್ಮ ಪಕ್ಕದ ಮೇಜಿನಲ್ಲಿ ಕೂತಿರುತ್ತಾನೆ. ಹೆಸರು ತೆಗೆದು, ಒಟ್ಟು ಬಾಕಿ ಎಷ್ಟಿತ್ತು, ಕಾಫಿ ಬೆಲೆ ಬಿದ್ದ ವರ್ಷಗಳಲ್ಲಿ ಅದು ಏರಿತೇ ಎಂದು ಮಾತ್ರ ಬರೆಯಿರಿ. ಹೆಸರು ಸಹಿತದ ಮೂಲ ಪುಟಗಳ ಫೋಟೋ ಕ್ಲಬ್ಬಿನ ಕಾರ್ಯದರ್ಶಿಯ ಬಳಿ ಒಂದು ಪ್ರತಿ, ಊರಾಚೆಯ ಇನ್ನೊಂದು ಕಡೆ ಒಂದು ಪ್ರತಿ ಇರಲಿ. ಎರಡೂ ಒಂದೇ ಬೀರುವಿನಲ್ಲಿ ಬೇಡ.